ಬಚ್ಚಲಲ್ಲಿ ಬಿದ್ದ ಊರು

ಆ ವರ್ಷ ಸೂಡಿಕಟ್ಟಿಯ ಜನ ಬಚ್ಚಲಲ್ಲಿ ಬಿದ್ದಷ್ಟು ಮತ್ತೆಲ್ಲೂ ಬೀಳಲಿಲ್ಲ. ಮುದುಕರು ಬಿದ್ದರು, ಹರೆಯದವರು ಬಿದ್ದರು, ಕಾಲೇಜು ಹುಡುಗಿಯರು ಹೆಗಲಿಗೆ ಬ್ಯಾಗು ಹಾಕಿಕೊಂಡೇ ಬಚ್ಚಲಿಗೆ ಹೋಗಿ ಬಿದ್ದರು. ಒಬ್ಬಾತನಂತೂ ಹೆಲ್ಮೆಟ್ ಹಾಕಿಕೊಂಡು ಜಾರಿದ್ದ. ಹೆಲ್ಮೆಟ್ಟು ಎಡಗಡೆ ಸೀಳಿ ಹೋಗಿತ್ತು. ಇದೇನಪ್ಪಾ ಅಂತ ಕೇಳಿದರೆ, "ಹೊಸಾದ್ರೀ ಬಾಯಾರ, ತಲಿಗೆ ಸರಿ ಕುಂದರತೈತೋ ಇಲ್ಲೋ ಅಂತ ಹಾಕ್ಕೊಂಡು ನೋಡಾಕತ್ತಿದ್ದೆ" ಅಂದ. ತಾಲೂಕು ಆಸ್ಪತ್ರೆಯ ಡಾಕ್ಟರ್ ದಾಕ್ಷಾಯಣಿ ನಗಲಿಲ್ಲ. ಪಕ್ಕದಲ್ಲಿದ್ದ ಸಿಸ್ಟರ್ ರೇಚಲ್ ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಹೊರಗೆ ಹೋದಳು.

ಇನ್ನು ಕೆಮ್ಮಿನವರದೇ ಬೇರೆ ಕಥೆ. ಕಟ್ಟಿಗೆ ಒಲೆ ಹಚ್ಚುವ ಮನೆ ಊರಲ್ಲಿ ಒಂದೂ ಉಳಿದಿರಲಿಲ್ಲ. ಆದರೂ ಊರ ನಡುವೆ ಹಾದ ಪೇಟೆರಸ್ತೆಯ ಮಕ್ಕಳೆಲ್ಲ ಗೊರಗೊರ ಅಂತ ಕೆಮ್ಮುತ್ತಿದ್ದದ್ದು ಒಲೆಯ ಹೊಗೆಗಂತೆ!

ಇಷ್ಟೆಲ್ಲ ಸುಳ್ಳು ಯಾಕೆ ಹುಟ್ಟಿತು ಅಂದರೆ ಒಂದು ಕಾಯ್ದೆಯಿಂದ. ಆಸ್ಪತ್ರೆಯವರು ಮೂಳೆ ಜೋಡಿಸುತ್ತ ಕೂರುವುದು, ರಸ್ತೆಯವರು ಮೂಳೆ ಮುರಿಯುವಂಥ ರಸ್ತೆ ಮಾಡುತ್ತ ಹೋಗುವುದು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದಿರುವುದು ಸಾಕಾಗಿ ಸರ್ಕಾರ ಇಬ್ಬರನ್ನೂ ಒಂದೇ ನೊಗಕ್ಕೆ ಕಟ್ಟಿತ್ತು. ಜನರನ್ನು ಮೇಲಿಂದ ಮೇಲೆ ಹಾಸಿಗೆ ಹಿಡಿಸುವ ರಸ್ತೆಯನ್ನು ಇನ್ನು ಮೇಲೆ ಡಾಕ್ಟರು ರೋಗಿ ಅಂತ ಸಾರಬಹುದು, ಆಸ್ಪತ್ರೆಗೆ ಅಡ್ಮಿಟ್ ಮಾಡಿಕೊಳ್ಳಬಹುದು. ಅಡ್ಮಿಟ್ ಆದ ರಸ್ತೆಗೆ ಕೇಸ್ ಪೇಪರ್ ಉಂಟು, ದಿನಾ ರೌಂಡ್ಸ್ ಉಂಟು. ದೊಡ್ಡ ಗಾಡಿಗಳೆಲ್ಲ ಊರ ಹೊರಗಿನ ದಾರಿಗೆ. ಉಳಿದವು ಎತ್ತಿನ ಬಂಡಿಯ ವೇಗಕ್ಕೆ. ಇಂಜಿನಿಯರುಗಳು ಬಂದು ಫುಟ್‌ಪಾತು, ದಾಟುವ ಜಾಗ, ನೆರಳಿನ ಗಿಡ ಎಲ್ಲ ಮಾಡಿ ಮುಗಿಸಿ, ಡಾಕ್ಟರು ಡಿಸ್‌ಚಾರ್ಜ್ ಬರೆದ ಮೇಲೆಯೇ ರಸ್ತೆಗೆ ಬಿಡುಗಡೆ.

ಯಾವ ಗಾಯ ಯಾವ ರಸ್ತೆಯದು ಅಂತ ತಿಳಿಯಲು ಪ್ರತಿ ಆಸ್ಪತ್ರೆಗೂ ಒಂದು ಧೂಳುಗನ್ನಡಿ ಕೊಟ್ಟಿದ್ದರು. ಒಂದು ರಸ್ತೆಯ ಜಲ್ಲಿ, ಡಾಂಬರು, ಮೇಲೆ ಸವೆಯುವ ಟೈರಿನ ರಬ್ಬರು, ಇವು ಬೆರೆತ ಧೂಳು ಇನ್ನೊಂದು ರಸ್ತೆಯ ಧೂಳಿನ ಹಾಗೆ ಇರುವುದಿಲ್ಲ. ಗಾಯವನ್ನೋ ಮೂಗನ್ನೋ ಹತ್ತಿಯಲ್ಲಿ ಒರೆಸಿ, ಆ ಹತ್ತಿಯನ್ನು ಗಾಜಿನ ಮೇಲಿಟ್ಟು ನೇರಳೆ ಬೆಳಕು ಬಿಟ್ಟರೆ ಸಾಕು, ಯಾವ ರಸ್ತೆ, ಯಾವ ತಿರುವು ಅಂತ ಕನ್ನಡಿ ಹೇಳುತ್ತಿತ್ತು. ಲಕ್ಷಗಟ್ಟಲೆ ಬಾಳುವ ಯಂತ್ರ. ಸೂಡಿಕಟ್ಟಿಯ ಜನ ಅದನ್ನು ಒಂದು ಚಿಟಿಕೆ ಅರಿಷಿಣದಲ್ಲಿ ಸೋಲಿಸಿದರು. ಗಾಯ ಆದರೆ ಅರಿಷಿಣ ಒತ್ತುವುದು, ಕೆಮ್ಮಾದರೆ ಮೂಗಿಗೆ ಅರಿಷಿಣ ಹಚ್ಚುವುದು ಅಜ್ಜಿಯ ಕಾಲದ ರೂಢಿ, ಆ ನೇರಳೆ ಬೆಳಕಿಗೆ ಅರಿಷಿಣ ಧಗಧಗ ಹೊಳೆಯುತ್ತದೆ, ಆ ಹೊಳಪಿನಲ್ಲಿ ಧೂಳಿನ ಗುರುತೆಲ್ಲ ಮುಳುಗಿ ಹೋಗುತ್ತದೆ. ಮೊದಲು ರೂಢಿಗೆ ಒತ್ತಿದರು. ಗುಟ್ಟು ತಿಳಿದ ಮೇಲೆ ಬೇಕಂತಲೇ ಒತ್ತತೊಡಗಿದರು.

ಯಾಕೆ ಅಂದರೆ, ಪಕ್ಕದೂರಿನ ರಸ್ತೆ ಅಡ್ಮಿಟ್ ಆದಾಗ ಅಲ್ಲಿನ ಅಂಗಡಿಗಳು ಕೆಲವು ತಿಂಗಳು ನೊಣ ಹೊಡೆದದ್ದನ್ನು ಇವರು ಕಣ್ಣಾರೆ ಕಂಡಿದ್ದರು. ಅದೂ ಅಲ್ಲದೆ ಬಡಿಯುವ ಗಾಡಿ ಯಾರದು? ಓಣಿಯವರದೇ, ಬೀಗರದೇ. ಮೇಲಾಗಿ ಹೆತ್ತವರಿಗೆ ಹೆಗ್ಗಣ ಮುದ್ದು. ನಮ್ಮ ರಸ್ತೆಗೆ ಏನು ರೋಗ ಬಂದಿದೆ ಅಂತ ಒಂದು ಹಟ.

ಈ ಹಟ ಒಬ್ಬನ ಜೀವದ ಮೇಲೆ ಬಂತು. ಟೇಲರ್ ಈರಣ್ಣ ಸಿಂಪಿಗೇರ ಒಂದು ಮುಂಜಾನೆ ಎಡ ಪಕ್ಕೆ ಹಿಡಿದುಕೊಂಡು ಬಂದ. ಪಕ್ಕೆಗೆ ಅಂಗೈಯಗಲ ಅರಿಷಿಣ.

"ಎಲ್ಲಿ ಬಿದ್ರಿ ಈರಣ್ಣಾರ?"

"ಬಚ್ಚಲದಾಗ್ರೀ."

ಬಚ್ಚಲಲ್ಲಿ ಜಾರಿದವನಿಗೆ ಮಾಡುವ ಉಪಚಾರ ಬೇರೆ, ಗಾಡಿ ಬಡಿದವನಿಗೆ ಮಾಡುವ ಉಪಚಾರ ಬೇರೆ. ದಾಕ್ಷಾಯಣಿ ಪಕ್ಕೆಲುಬಿನ ಸಣ್ಣ ಬಿರುಕು ನೋಡಿ, ನೋವಿನ ಗುಳಿಗೆ ಕೊಟ್ಟು, ಮನೆಗೆ ಕಳಿಸಿದಳು. ಹೊತ್ತು ಮುಳುಗುವುದರೊಳಗೆ ನಾಲ್ಕು ಮಂದಿ ಅವನನ್ನು ಹೊತ್ತು ತಂದರು. ಮುಖ ಸುಣ್ಣ ಬಳಿದ ಹಾಗೆ ಬಿಳಚಿತ್ತು, ನಾಡಿ ಕೈಗೆ ಸಿಗುತ್ತಿರಲಿಲ್ಲ. ಹೊಟ್ಟೆಯೊಳಗೆ ಗುಲ್ಮ ಒಡೆದು ರಕ್ತ ತುಂಬಿತ್ತು. ಅವನನ್ನು ಜಿಲ್ಲಾ ಆಸ್ಪತ್ರೆಯ ಆಂಬುಲೆನ್ಸಿಗೆ ಏರಿಸುವಾಗ ಅವನ ಹೆಂಡತಿ ದಾಕ್ಷಾಯಣಿಯ ಕೈ ಹಿಡಿದು ಗೋಳೋ ಎಂದಳು. "ಬಚ್ಚಲ ಅಲ್ರೀ ಬಾಯಾರ! ಹಾಲಿನ ಗಾಡಿ ಬಡೀತ್ರೀ. ನನ್ನ ತಮ್ಮನ ಗಾಡಿ. ಹೆಂಗ್ ಹೇಳ್ಲಿ ನಾ?"

ಈರಣ್ಣ ಬದುಕಿದ. ಬದುಕಿ ಕಣ್ಣು ಬಿಟ್ಟವನು ಹೇಳಿಕೆ ಕೊಡುವಾಗ ಮತ್ತೆ ಅಂದದ್ದು, "ಬಚ್ಚಲ." ಅದನ್ನು ಕೇಳಿ ದಾಕ್ಷಾಯಣಿಗೆ ಮೈಯೆಲ್ಲ ಉರಿಯಿತು. ಆ ಉರಿಯ ಕೆಳಗೆ ಹೆದರಿಕೆ ಇತ್ತು. ಮುಂದಿನ ಸಲ ಯಾರನ್ನು ಗುಳಿಗೆ ಕೊಟ್ಟು ಸಾಯಲು ಮನೆಗೆ ಕಳಿಸುತ್ತೇನೋ ಅಂತ ಅವಳಿಗೆ ಊಟ ಸೇರದಾಯಿತು.

ಮರುದಿನವೇ ಬಸ್ಸು ಹತ್ತಿ ಜಿಲ್ಲೆಯ ಸಾರಿಗೆ ಕೋಣೆಗೆ ಹೋದಳು. ಅಲ್ಲಿ ಒಂದು ಗೋಡೆಯ ತುಂಬ ಜಿಲ್ಲೆಯ ನಕ್ಷೆ. ಆಸ್ಪತ್ರೆಗಳಿಂದ ಬಂದ ಸುದ್ದಿಯಂತೆ ರಸ್ತೆಗಳು ಬಣ್ಣ ಬದಲಿಸುತ್ತಿದ್ದವು. ರೋಗ ಹೆಚ್ಚಿದಷ್ಟೂ ಕೆಂಪು. ಆ ಕೋಣೆಯ ಮುಖ್ಯಸ್ಥ ಫಕ್ರುದ್ದೀನ್ ಮಕಾನದಾರ ಸಜ್ಜನ ಮನುಷ್ಯ, ಲೆಕ್ಕಕ್ಕೆ ನಿಂತರೆ ಮಾತ್ರ ತಕ್ಕಡಿ ಹಿಡಿದ ಬಂಗಾರದಂಗಡಿಯವನು.

"ಮೇಡಂ, ನೀವ ನೋಡ್ರಿ. ನಿಮ್ಮ ಪೇಟಿ ರಸ್ತಾ ಹಾಲಿನಂಗ ಬೆಳ್ಳಗ ಐತಿ," ಅಂದ ಅವನು ನಕ್ಷೆಗೆ ಬೆರಳು ತೋರಿಸಿ. "ಇಡೀ ಜಿಲ್ಲಾದಾಗ ಇಂಥಾ ಆರೋಗ್ಯವಂತ ರಸ್ತಾ ಇನ್ನೊಂದಿಲ್ಲ. ಅದಕ್ಕ ಸೋಮವಾರದಿಂದ ಸರಪಳಿ ಗಾಡಿ ಆ ಕಡೆ ಬಿಡಾಕತ್ತೀವಿ."

ಸರಪಳಿ ಗಾಡಿ ಅಂದರೆ ಚಾಲಕರಿಲ್ಲದ ಸರಕು ಲಾರಿಗಳು, ಒಂದರ ಬಾಲಕ್ಕೆ ಒಂದು ಅಂಟಿಕೊಂಡಂತೆ ಓಡುವವು. ದಾಕ್ಷಾಯಣಿ ನಕ್ಷೆಯ ಹತ್ತಿರ ಹೋದಳು. "ಊರ ನಡುವೇನ್ರಿ? ಆ ವೇಗದಾಗ?"

"ಅವಕ್ಕ ಕಣ್ಣೈತಿ, ಬ್ರೇಕೂ ಐತಿ. ಆದರ ಅಷ್ಟು ಭಾರ ನಿಂದ್ರಬೇಕಂದ್ರ ಜಾಗಾ ಬೇಕಲ್ಲ, ಅದು ಖರೇ. ಅದಕ್ಕ ಜನ ಅಡ್ಡ ಬರೂ ರಸ್ತಾಕ್ಕ ನಾವು ಬಿಡಂಗಿಲ್ಲ. ನಿಮ್ಮೂರಾಗ ಜನ ರಸ್ತಾ ದಾಟೂದ ಕಡಿಮಿ ಆಗೈತಿ."

"ದಾಟಾಕ ಹೆದರ್ತಾರ, ಅದಕ್ಕ ಕಡಿಮಿ ಆಗೈತಿ!" ಅಂದಳು ದಾಕ್ಷಾಯಣಿ. "ನಮ್ಮ ಓಣಿ ಹೆಣ್ಮಕ್ಕಳ ಸಕ್ಕರಿ ರಿಪೋರ್ಟ್ ತಗೊಂಡು ನೋಡ್ರಿ, ಎಲ್ಲಾರದೂ ಏರೈತಿ. ಮೊದಲ ಕೆರಿ ದಂಡಿ ತನಕಾ ನಡದ ಹೋಗಿ ಬರ್ತಿದ್ರು. ಈಗ ನಡುವ ರಸ್ತಾ ದಾಟಬೇಕಲ್ಲಂತ ಮನ್ಯಾಗ ಕುಂತಾರ. ಮುರದ ಕಾಲು ಅಷ್ಟ ರೋಗ ಏನ್ರಿ? ನಡೀದ ಇರೋ ಕಾಲೂ ರೋಗನ."

ಮಕಾನದಾರ ನಕ್ಷೆಯಿಂದ ಬೆರಳು ತೆಗೆದ. ಅವಳ ಮಾತು ಅವನಿಗೆ ನಾಟಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. "ನಾ ನಂಬ್ತೀನಿ ಮೇಡಂ. ಆದರ ನನ್ನ ನಂಬಿಕಿಯಿಂದ ಈ ಗ್ವಾಡಿ ಬಣ್ಣ ಬದಲಾಗಂಗಿಲ್ಲ. ಕನ್ನಡಿ ಹೇಳಬೇಕು, ಇಲ್ಲಾ ಬಿದ್ದ ಮನುಷ್ಯಾ, ಬಡದ ಮನುಷ್ಯಾ ತನ್ನ ಬಾಯಿಲೆ ಹೇಳಬೇಕು. ನಿಮ್ಮೂರಾಗ ಕನ್ನಡಿ ಅರಿಷಿಣ ಅಂತೈತಿ, ಮಂದಿ ಬಚ್ಚಲ ಅಂತಾರ. ನಾ ಏನ್ ಮಾಡ್ಲಿ? ಸೋಮವಾರದೊಳಗ ಹೇಳಿಸ್ರಿ, ಗಾಡಿ ನಾನ ನಿಂದ್ರಸ್ತೀನಿ."

ಮನೆಗೆ ಬರುವಾಗ ಸಂಜೆಯ ಬಿಸಿಲು ಇನ್ನೂ ಇತ್ತು. ಅವಳ ಮನೆ ಪೇಟೆರಸ್ತೆಯಲ್ಲೇ, ಗಂಡ ಅಂದಾನಪ್ಪನ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯ ಹಿಂದೆ. ಒಳಗೆ ಕಾಲಿಟ್ಟರೆ ಪಡಸಾಲೆಯಲ್ಲಿ ಅತ್ತೆ ಸಂಗವ್ವ ಗೋಡೆಗೆ ಒರಗಿ ಕೂತಿದ್ದಾಳೆ. ಎಡಗೈ ಮಣಿಕಟ್ಟು ಊದಿ ಬದನೆಕಾಯಿಯಾಗಿದೆ. ಮೊಳಕೈ ತನಕ ಅರಿಷಿಣ.

ದಾಕ್ಷಾಯಣಿ ಚೀಲ ಅಲ್ಲೇ ಕೆಳಗಿಟ್ಟಳು. "ಅತ್ತೀ, ಏನಾತ್ರಿ?"

"ಏನಿಲ್ಲವಾ. ಬಚ್ಚಲದಾಗ ಜಾರಿದೆ."

ದಾಕ್ಷಾಯಣಿ ಬಚ್ಚಲಿಗೆ ಹೋಗಿ ನೋಡಿದಳು. ಒರಟು ಫರಸಿ ಕಲ್ಲು, ಬೆಳಗ್ಗೆಯೇ ಒಣಗಿದ್ದು. ಗೋಡೆಗೆ ಅವಳೇ ಹೋದ ವರ್ಷ ಹಾಕಿಸಿದ ಹಿಡಿಕಂಬಿ. ಅಲ್ಲಿ ಜಾರಬೇಕಾದರೆ ಎಣ್ಣೆ ಸುರಿದುಕೊಂಡು ಕುಣಿಯಬೇಕಿತ್ತು.

"ಸೀರಿ ಸೆರಗ ಯಾಕ ಹರದೈತ್ರಿ?"

"ಬಚ್ಚಲ ಬಾಗಲದ ಮೊಳಿ ಹಿಡೀತು."

"ಅತ್ತೀ, ನನ್ನ ಕಡೆ ನೋಡ್ರಿ. ಈರಣ್ಣಾರ ಹಿಂಗ ಹೇಳಿ ಸಾಯಾಕ ಹೊಂಟಿದ್ರು. ಗಾಡಿ ಬಡದಿದ್ರ ಒಳಗ ಏನ ಹರದೈತೋ ನಾ ನೋಡಬೇಕಾಗ್ತೈತಿ. ನಿಮ್ಮ ಕಾಲ ಹಿಡಕೋತೀನಿ, ಖರೇ ಹೇಳ್ರಿ."

ಸಂಗವ್ವ ಅಂಗಡಿಯ ಕಡೆ ತೆರೆದಿದ್ದ ಬಾಗಿಲನ್ನು ಒಂದು ಸಲ ನೋಡಿದಳು. ಅಲ್ಲಿ ಅಂದಾನಪ್ಪ ಗಿರಾಕಿಯೊಬ್ಬನಿಗೆ ಬೇರಿಂಗ್ ತೋರಿಸುತ್ತಿದ್ದ. "ಹೇಳಿದ್ನೆಲ್ಲವಾ, ಬಚ್ಚಲದಾಗ ಅಂತ. ಎಷ್ಟ ಸಲಾ ಕೇಳ್ತಿ?" ಅಂದಳು ಮುದುಕಿ.

ದಾಕ್ಷಾಯಣಿ ಆ ಮಾತು ನಂಬಲಿಲ್ಲ. ಆಸ್ಪತ್ರೆಗೆ ಕರೆದೊಯ್ದು, ಬೇಡ ಬೇಡ ಅಂದರೂ ಹೊಟ್ಟೆ, ಎದೆ, ಸೊಂಟ ಎಲ್ಲ ಪರೀಕ್ಷೆ ಮಾಡಿದಳು. ಒಳಗೆ ಏನೂ ಆಗಿರಲಿಲ್ಲ, ದೇವರು ದೊಡ್ಡವನು. ಮಣಿಕಟ್ಟು ಮಾತ್ರ ಎರಡು ಕಡೆ ಮುರಿದಿತ್ತು. ಪ್ಲಾಸ್ಟರ್ ಹಾಕುವಾಗ ಅವಳ ಕಣ್ಣಲ್ಲಿ ನೀರು ತುಂಬಿ ಬಂತು, ಪ್ಲಾಸ್ಟರ್ ಓರೆಯಾದೀತೆಂದು ತಡೆದುಕೊಂಡಳು.

ಅವತ್ತು ಊಟಕ್ಕೆ ಕೂತಾಗ ಅಂದಾನಪ್ಪ, "ಬಚ್ಚಲಕ್ಕ ಬ್ಯಾರೆ ಫರಸಿ ಹಾಕಸೂಣು. ಅವ್ವ ಬಿದ್ರ ನಡೀತೈತೇನ? ಅದು ಅಪಾಯದ ಜಾಗಾ" ಅಂದ. ಪಾಪ, ಅವನು ನಿಜವಾಗಿಯೂ ನಂಬಿದ್ದ.

ಅಪಾಯದ ಜಾಗ. ತುತ್ತು ಕೈಯಲ್ಲೇ ಹಿಡಿದು ದಾಕ್ಷಾಯಣಿ ಕೂತುಬಿಟ್ಟಳು. ಕಾಯ್ದೆಯಲ್ಲಿ ರಸ್ತೆ ಅಂತ ಮಾತ್ರ ಬರೆದಿರಲಿಲ್ಲ. ಜನರಿಗೆ ಮೇಲಿಂದ ಮೇಲೆ ಗಾಯ ಮಾಡುವ ಯಾವುದೇ ಜಾಗವನ್ನು ವೈದ್ಯಾಧಿಕಾರಿ ರೋಗಿಯೆಂದು ಸಾರಿ ಮುಚ್ಚಿಸಬಹುದು ಅಂತಿತ್ತು. ಇಡೀ ಊರೇ ಒಂದು ಜಾಗದ ಮೇಲೆ ಬೆರಳು ಮಾಡಿ ಹೇಳುತ್ತಿರುವಾಗ, ಡಾಕ್ಟರಾದವಳು ಆ ಜಾಗವನ್ನು ಸುಮ್ಮನೆ ಬಿಡುವುದು ಹೇಗೆ?

"ಹೌದ್ರೀ," ಅಂದಳು ಗಂಡನಿಗೆ. "ಭಾಳ ಅಪಾಯದ ಜಾಗಾ. ನಾಳೆ ಮುಚ್ಚಸ್ತೀನಿ."

ಮರುದಿನ ಬೆಳಕು ಹರಿಯುತ್ತಲೇ ಸಿಸ್ಟರ್ ರೇಚಲ್ ಹಳದಿ ಪಟ್ಟಿಯ ಸುರುಳಿ ಹಿಡಿದು ಬಂದಳು. ರೋಗಿಯಾದ ಜಾಗಕ್ಕೆ ಅಂಟಿಸುವ ಸರ್ಕಾರಿ ಪಟ್ಟಿ. ಹರಿದರೆ ಸಾರಿಗೆ ಕೋಣೆಯಲ್ಲಿ ಗಂಟೆ ಹೊಡೆಯುತ್ತದೆ. ಮೊದಲ ಪಟ್ಟಿ ಬಿದ್ದದ್ದು ಡಾಕ್ಟರ ಮನೆಯ ಬಚ್ಚಲಿಗೇ. ಅಂದಾನಪ್ಪ ಹೆಗಲಿಗೆ ಟವಲ್ಲು ಹಾಕಿಕೊಂಡು ಬಂದವನು ಬಾಗಿಲ ಮುಂದೆ ನಿಂತುಬಿಟ್ಟ.

"ದಾಕ್ಷಾಣಿ, ಏನ ಹುಚ್ಚಾಟಿದು?"

"ಅತ್ತಿ ಹೇಳಿಕಿ ಕೊಟ್ಟಾರ, ನೀವೂ ಅಪಾಯ ಅಂದ್ರಿ. ಬಚ್ಚಲ ಅಡ್ಮಿಟ್ ಆಗೈತಿ."

"ಮತ್ತ ಜಳಕಾ?"

"ಡಿಸ್‌ಚಾರ್ಜ್ ಆದ ಮ್ಯಾಲ."

"ಊರಿಗೆ ಉಪಕಾರಿ, ಮನಿಗೆ ಮಾರಿ ಅಂತಾರಲ್ಲ, ನಿನ್ನ ನೋಡಿನ ಅಂದಿರಬೇಕು!" ಅಂತ ಅವನು ಟವಲ್ಲು ಒಗೆದು ಅಂಗಡಿಗೆ ಹೋದ.

ಆಮೇಲೆ ಇಬ್ಬರೂ ಹೆಂಗಸರು ಓಣಿ ಹಿಡಿದು ಹೊರಟರು. ಯಾರು ಯಾರು ಬಚ್ಚಲಲ್ಲಿ ಬಿದ್ದೆ ಅಂದಿದ್ದರೋ ಅವರವರ ಮನೆಗೆ. "ಅಕ್ಕಾರ, ನಿಮ್ಮ ಮಗಳು ಇಲ್ಲೇ ಬಿದ್ದು ಹಲ್ಲ ಮುರಕೊಂಡಾಳ, ಹೌದಲ್ರಿ? ಹಂಗಾದ್ರ ಮುಚ್ಚತೀವಿ." ಬೇಡ ಅನ್ನುವಂತಿಲ್ಲ, ಹೌದು ಅನ್ನುವಂತಿಲ್ಲ, ಮನೆಯವರಿಗೆ ಬಿಸಿತುಪ್ಪ ಬಾಯಲ್ಲಿಟ್ಟ ಹಾಗಾಯಿತು. ಪಟ್ಟಿ ತೆಗೆಸಬೇಕಾದರೆ ದಾರಿ ಒಂದೇ, ನಾನು ಬಿದ್ದದ್ದು ಇಲ್ಲಲ್ಲ ಅಂತ ಆಸ್ಪತ್ರೆಗೆ ಬಂದು ಹೇಳಬೇಕು. ಮಧ್ಯಾಹ್ನದ ಹೊತ್ತಿಗೆ ಪೇಟೆರಸ್ತೆಯ ಈ ಕಡೆಯ ಓಣಿಯಲ್ಲಿ ಪಟ್ಟಿ ಇಲ್ಲದ ಬಚ್ಚಲು ಸಿಗುವುದೇ ಕಷ್ಟವಾಯಿತು. ಹೆಲ್ಮೆಟ್ಟಿನವನು ಬಾಗಿಲ ಹಿಂದೆ ಅವಿತುಕೊಂಡು ಮನೆಯಲ್ಲಿ ಯಾರೂ ಇಲ್ಲ ಅಂತ ತಾನೇ ಕೂಗಿ ಹೇಳಿದ. ಅವನ ಬಚ್ಚಲಿಗೂ ಪಟ್ಟಿ ಬಿತ್ತು.

ಊರು ಕೊತಕೊತ ಕುದಿಯಿತು. ಗಂಡಸರು ಕೆರೆಗೆ ಹೋಗಿ ಮಿಂದು ಬಂದರು. ಹೆಂಗಸರು ಡಾಕ್ಟರಿಗೆ ಹಿಡಿಶಾಪ ಹಾಕಿದರು. ವ್ಯಾಪಾರಸ್ಥರ ಸಂಘದವರು ಅಂದಾನಪ್ಪನ ಅಂಗಡಿಗೆ ಬಂದು, "ನಿನ್ನ ಹೇಣ್ತಿನ ನಿನಗ ಹಿಡಿಯಾಕ ಆಗಂಗಿಲ್ಲಲ್ಲೋ" ಅಂತ ಅಂದು ಹೋದರು. ಆದರೂ ಯಾರೊಬ್ಬರೂ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ.

ಎಲ್ಲರಿಗಿಂತ ಕಷ್ಟ ಬಂದದ್ದು ಸಂಗವ್ವನಿಗೆ. ಜಳಕ ಮಾಡಿ, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗ ಇಟ್ಟು ಪೂಜೆ ಮಾಡದೆ ಅವಳು ಬದುಕಿನಲ್ಲೇ ಬಾಯಿಗೆ ತುತ್ತಿಟ್ಟವಳಲ್ಲ. ಹಿತ್ತಲಲ್ಲಿ ಬಿಸಿನೀರು ಕಾಸಿಕೊಡುತ್ತೇನೆ ಅಂದರೆ, "ಹಿತ್ತಲ ಹಿಂದಿನ ಗೋಡೌನಿನ ಹಮಾಲರ ಎದುರಿಗೆ ಮೈ ತೊಳಕೊಳ್ಳಾಕ ನಾ ಏನ ಎಮ್ಮಿ ಏನವಾ?" ಅಂತ ಗದರಿದಳು. ಬೆಳಗಿನಿಂದ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಮೇಲೆ ಸಕ್ಕರೆ ಕಾಯಿಲೆ. ಊಟ ಬಿಟ್ಟವರಿಗೆ ಗುಳಿಗೆ ಕೊಟ್ಟರೆ ಸಕ್ಕರೆ ಪಾತಾಳಕ್ಕಿಳಿಯುತ್ತದೆ. ದಾಕ್ಷಾಯಣಿ ಗುಳಿಗೆ ನಿಲ್ಲಿಸಿ, ಮತ್ತೆ ಮತ್ತೆ ಬೆರಳು ಚುಚ್ಚಿ ನೋಡುತ್ತ ಪಕ್ಕದಲ್ಲೇ ಕೂತಳು.

"ನೀ ಉಣ್ಣು ಹೋಗವಾ. ದುಡದು ಬಂದಾಕಿ," ಅಂದಳು ಮುದುಕಿ ಸಂಜೆಗೆ, ದನಿ ಇಳಿಸಿ.

"ನೀವು ಉಂಡ ಮ್ಯಾಲ ನಾ ಉಣ್ತೀನ್ರಿ."

"ಭಾಳ ಹಟಮಾರಿ ನೀ."

"ಯಾರ ಸೊಸಿ ನಾ?"

ಸಂಗವ್ವನಿಗೆ ನಗು ಬಂತು, ನಕ್ಕರೆ ಸೋತ ಹಾಗೆ ಅಂತ ಮುಖ ತಿರುಗಿಸಿದಳು. ದಾಕ್ಷಾಯಣಿ ಎದ್ದು ಬಚ್ಚಲ ತನಕ ಹೋದಳು. ಪಟ್ಟಿಯ ಮೇಲೆ ಕೈ ಇಟ್ಟಳು. ಹೆತ್ತ ತಾಯಿಯಂತೆ ನೋಡಿಕೊಂಡವಳನ್ನು ಉಪವಾಸ ಕೆಡವಿ ಏನು ಸಾಧಿಸುತ್ತೇನೆ, ಹರಿದು ಬಿಸಾಕಿಬಿಡಲೇ ಅನ್ನಿಸಿತು. ಆಗ ಈರಣ್ಣನ ಬಿಳಚಿದ ಮುಖ ಕಣ್ಣ ಮುಂದೆ ಬಂತು, ಸೋಮವಾರದ ಗಾಡಿ ಬಂತು. ಕೈ ಹಿಂದೆಗೆದುಕೊಂಡಳು. ಸಕ್ಕರೆ ಒಂದು ಗೆರೆ ಇಳಿದರೂ ಅತ್ತೆಗೆ ಬೆಲ್ಲದ ನೀರು ಕುಡಿಸುವುದು, ಅದಕ್ಕೆ ಬೈದರೂ ಬೈಸಿಕೊಳ್ಳುವುದು ಅಂತ ನಿರ್ಧಾರ ಮಾಡಿ ಮರಳಿ ಬಂದು ಕೂತಳು.

ಬೆಳಗಾಗುತ್ತಲೇ ಸಂಗವ್ವ ಎದ್ದು, ಒಂದು ಸೀರೆ, ಟವಲ್ಲು, ವಿಭೂತಿ ಗಟ್ಟಿ ಗಂಟು ಕಟ್ಟಿ ಬಲ ಕಂಕುಳಿಗೆ ಇಟ್ಟುಕೊಂಡಳು. "ಶಾಂತವ್ವನ ಮನಿಗೆ ಹೋಗಿ ಜಳಕಾ ಮಾಡಿ ಬರ್ತೀನಿ. ಅಕಿ ಬಚ್ಚಲಕ್ಕ ನಿನ್ನ ಪಟ್ಟಿ ಬಿದ್ದಿಲ್ಲಲ್ಲ?"

ಬಿದ್ದಿರಲಿಲ್ಲ. ಶಾಂತವ್ವ ಅವಳ ಬಾಲ್ಯದ ಗೆಳತಿ. ಅವಳ ಮನೆ ರಸ್ತೆಯ ಆಚೆ ದಂಡೆಗೆ, ಅಂಗಡಿಯ ಸರಿ ಎದುರಿಗೆ. ಕೂಗಿದರೆ ಕೇಳುವಷ್ಟು ಹತ್ತಿರ.

"ಹೋಗಿ ಬರ್ರಿ," ಅಂದಳು ದಾಕ್ಷಾಯಣಿ. ಹಿಂದೆಯೇ ತಾನೂ ಹೊರಟಳು.

ಅಂದಾನಪ್ಪ ಆಗಷ್ಟೇ ಅಂಗಡಿಯ ಶಟರ್ ಎತ್ತಿದ್ದ. ಸಂಗವ್ವ ಮೆಟ್ಟಿಲಿಳಿದು ಡಾಂಬರಿನ ಅಂಚಿಗೆ ಬಂದು ನಿಂತಳು. ಒಂದು ಟಿಪ್ಪರ್ ಹೋಯಿತು, ಎರಡು ಬೈಕು ಹೋದವು, ಆಮೇಲೆ ದಾರಿ ತೆರವಾಯಿತು. ಅವಳು ಹೆಜ್ಜೆ ಮುಂದಿಟ್ಟಳು, ಹಿಂದಕ್ಕೆ ತೆಗೆದುಕೊಂಡಳು. ಮತ್ತೆ ಇಟ್ಟಳು, ಮತ್ತೆ ತೆಗೆದಳು. ಆಚೆ ಬಾಗಿಲಲ್ಲಿ ಶಾಂತವ್ವ ನಿಂತು, "ಬಾರವಾ ಸಂಗವ್ವಾ, ಯಾರೂ ಇಲ್ಲ ಬಾ!" ಅಂತ ಕೈ ಬೀಸಿ ಕರೆದಳು. ಸಂಗವ್ವ ಇನ್ನೊಂದು ಸಲ ಹೆಜ್ಜೆ ಎತ್ತಿದಳು, ಇಡಲಾಗಲಿಲ್ಲ. ಕಂಕುಳ ಗಂಟು ಜಾರಿ ಧೂಳಿಗೆ ಬಿತ್ತು. ಅವಳು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು.

ಅಂದಾನಪ್ಪ ಓಡಿ ಬಂದ. "ಅವ್ವಾ! ಏನಾತಬೇ? ಸಕ್ಕರಿ ಇಳೀತೇನ? ದಾಕ್ಷಾಣಿ, ನೋಡು ನೀ ಮಾಡಿದ್ದು!"

"ಅಕಿಗೆ ಯಾಕ ಬೈತಿ?" ಅಂದಳು ಸಂಗವ್ವ. ಉಸಿರು ಎಳೆದುಕೊಂಡಳು. "ನಾ ಬಚ್ಚಲದಾಗ ಬಿದ್ದಿಲ್ಲೋ ಅಂದಾನಿ. ಇಲ್ಲೇ ಬಿದ್ದೆ, ನಿನ್ನ ಅಂಗಡಿ ಮುಂದ. ಶಾಂತವ್ವನ ಮನಿಯಿಂದ ಬರಾಕತ್ತಿದ್ದೆ. ನಿನ್ನ ಗಿರಾಕಿ ಟ್ರೇಲರಿನ ಕೊಂಡಿ ಸೆರಗ ಹಿಡಕೊಂಡು ನನ್ನ ಎಳಕೊಂಡು ಹೋತು. ಆ ಹುಡುಗಗ ಗೊತ್ತೂ ಆಗಲಿಲ್ಲ, ನಿನಗೂ ಗೊತ್ತಾಗಲಿಲ್ಲ. ಸೆರಗ ಹರೀತಂತ ಉಳದೆ. ಹರೀದ ಇದ್ದಿದ್ರ ಗಾಲಿ ಕೆಳಗ ಹೋಗ್ತಿದ್ದೆ."

"ಮತ್ತ ನನಗ್ಯಾಕ ಹೇಳಲಿಲ್ಲಬೇ?" ಅಂದ ಅಂದಾನಪ್ಪ.

"ರಸ್ತಾ ಅಡ್ಮಿಟ್ ಆದ್ರ ಅಂಗಡಿ ಮುಚ್ಚೂದ ಅಂತ ನೀನ ಅಂದಿದ್ದೆಲ್ಲಪ್ಪಾ, ಊಟಕ್ಕ ಕುಂತಾಗ. ನಿನ್ನ ಅನ್ನಕ್ಕ ಮಣ್ಣ ಹಾಕ್ಲೇನ ನಾ?" ಸಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಅವತ್ತಿಂದ ಈ ರಸ್ತಾ ದಾಟಾಕ ನನ್ನ ಕಾಲ ಏಳವಲ್ವು. ಇಲ್ಲೇ ಐತಿ ಶಾಂತಿ ಮನಿ. ಇಲ್ಲೇ. ಹೋಗಾಕ ಆಗವಲ್ದು ನನಗ."

ಅಷ್ಟರಲ್ಲಿ ಮಂದಿ ನೆರೆದಿದ್ದರು. ಅಂದಾನಪ್ಪ ಕೆಳಗೆ ಕೂತು ತಾಯಿಯ ಪ್ಲಾಸ್ಟರಿನ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಎದ್ದು, ಬರುತ್ತಿದ್ದ ಲಾರಿಗೆ ಅಡ್ಡ ನಿಂತು ಎರಡೂ ಕೈ ಚಾಚಿದ. ಲಾರಿ ಕಿರ್ರೆಂದು ನಿಂತಿತು. ಚಾಲಕ ಹಾರ್ನ್ ಒತ್ತಿಯೇ ಒತ್ತಿದ. ದಾಕ್ಷಾಯಣಿ ಅತ್ತೆಯನ್ನು ನಡೆಸಿಕೊಂಡು ಆಚೆ ದಂಡೆಗೆ ಮುಟ್ಟಿಸುವ ತನಕ ಅಂದಾನಪ್ಪ ಕದಲಲಿಲ್ಲ.

ಸಂಗವ್ವ ಜಳಕ ಮಾಡಿ, ಪೂಜೆ ಮುಗಿಸಿ, ಶಾಂತವ್ವ ಕೊಟ್ಟ ಬಿಸಿ ರೊಟ್ಟಿ ತಿಂದು, ಅಲ್ಲಿಂದ ನೇರ ಆಸ್ಪತ್ರೆಗೆ ಹೋಗಿ ಹೇಳಿಕೆ ಬರೆಸಿದಳು. ಅವಳು ಇನ್ನೂ ಹೆಬ್ಬೆಟ್ಟು ಒತ್ತುತ್ತಿರುವಾಗಲೇ ಬಾಗಿಲಲ್ಲಿ ಈರಣ್ಣನ ಹೆಂಡತಿ ನಿಂತಿದ್ದಳು, ಜೊತೆಗೆ ಹಾಲಿನ ಗಾಡಿಯ ತಮ್ಮ ತಲೆ ತಗ್ಗಿಸಿಕೊಂಡು. ಆಮೇಲೆ ಹಲ್ಲು ಮುರಿದ ಹುಡುಗಿಯನ್ನು ಕರೆದುಕೊಂಡು ಅವಳ ತಾಯಿ. ಆಮೇಲೆ ಹೆಲ್ಮೆಟ್ಟಿನವನು: "ಬಾಯಾರ, ನಂದೂ ಬಚ್ಚಲ ಅಲ್ರೀ. ಸಿಟ್ಟಾಗಬ್ಯಾಡ್ರಿ." ಕೆಮ್ಮುವ ಮಕ್ಕಳನ್ನು ಎತ್ತಿಕೊಂಡು, ಒಲೆ ಇಲ್ಲದ ಮನೆಯವರೂ ಬಂದರು. ರೇಚಲ್ ಬರೆದು ಬರೆದು ಕೈ ಜಾಡಿಸಿಕೊಂಡಳು. ಇದರ ನಡುವೆ ಸಾರಿಗೆ ಕೋಣೆಯಿಂದ ಮಕಾನದಾರನ ಫೋನು ಬಂತು.

"ಮೇಡಂ, ನಿಮ್ಮ ರಸ್ತಾ ಮುಂಜಾನಿಂದ ಕೆಂಪ ಆಗಾಕತ್ತೈತಿ. ಅಡ್ಮಿಟ್ ಬರೀತೀರೇನು?"

"ಬರೀತೀನ್ರಿ."

"ಹಂಗಾದ್ರ ನಾಳೆ ಸರಪಳಿ ಗಾಡಿ ಊರ ಹೊರಗ ಹೋಗ್ತೈತಿ. ನನ್ನ ಮಾತು."

ರೇಚಲ್ ಹೊಸ ಕೇಸ್ ಪೇಪರ್ ತೆಗೆದಳು. ರೋಗಿಯ ಹೆಸರು, ಸೂಡಿಕಟ್ಟಿ ಪೇಟೆರಸ್ತೆ. ತೊಂದರೆ ಏನು ಅಂತ ದಾಕ್ಷಾಯಣಿ ಹೇಳುತ್ತ ಹೋದಳು, ಇವಳು ಬರೆಯುತ್ತ ಹೋದಳು. ಎಷ್ಟೋ ವರ್ಷದ ಅಭ್ಯಾಸ ನೋಡಿ, ಕೊನೆಗೆ ತಲೆ ಎತ್ತದೆಯೇ ಕೇಳಿಬಿಟ್ಟಳು: "ರೋಗಿ ಸಂಗಾಟ ಯಾರದಾರ?"

ನೆರೆದವರಿಗೆ ನಗು ಬಂತು. ರಸ್ತೆಗೆ ಯಾರು ಜೊತೆಗಿರುತ್ತಾರೆ! ರೇಚಲ್ ನಾಚಿ ಆ ಸಾಲಿಗೆ ಗೀಟು ಎಳೆಯಲು ಹೋದಳು.

"ಹೊಡೀಬ್ಯಾಡ್ರಿ ಸಿಸ್ಟರ್," ಅಂದ ಬಾಗಿಲ ಹತ್ತಿರ ನಿಂತಿದ್ದ ಅಂದಾನಪ್ಪ. ಜಳಕವಿಲ್ಲದ ಮೈ, ಕೆದರಿದ ತಲೆ. "ನಾ ಅದೀನಿ. ನನ್ನ ಹೆಸರ ಬರೀರಿ."

ನಗು ನಿಂತಿತು. ದಾಕ್ಷಾಯಣಿ ಗಂಡನ ಮುಖ ನೋಡಿದಳು. "ಅಂಗಡಿ?"

"ಗಿರಾಕಿ ನಡಕೋತ ಬರ್ಲಿ. ಬರಲಿಲ್ಲಂದ್ರ ನಾನ ಸಾಮಾನ ಹೊತಗೊಂಡು ಹೋಗಿ ಕೊಡ್ತೀನಿ. ಸಂಗಾಟ ಇದ್ದವ್ರು ಏನ್ ಮಾಡಬೇಕು, ಅದನ್ನ ಹೇಳು."

"ದಿನಾ ಮುಂಜಾನೆ ನನ್ನ ಜೋಡಿ ರೌಂಡ್ಸಿಗೆ ಬರಬೇಕ್ರಿ. ಈ ತುದಿಯಿಂದ ಆ ತುದಿತನಕಾ, ನಡಕೋತ. ರೋಗಿ ಏನ ಅಂತೈತಿ ಕೇಳಬೇಕು."

"ಎಷ್ಟ ದಿನಾ?"

"ನಿಮ್ಮವ್ವ ಒಬ್ಬಾಕಿನ ದಾಟೂತನಕಾ."

ಅಂದಾನಪ್ಪ ಮುಂದೆ ಬಂದು, ರೇಚಲ್ ಕೈಯಿಂದ ಪೆನ್ನು ತೆಗೆದುಕೊಂಡು, ರೋಗಿಯ ಕಡೆಯವರು ಅಂತ ಇದ್ದಲ್ಲಿ ಸಹಿ ಹಾಕಿದ.